ಅರಮನೆ ನೋಡಲು ಹೋಗುವವರಿಗೆ



ಚಳಿಗಾಲ ಬಂತೆಂದರೆ ಹಾಸ್ಟೆಲುಗಳಲ್ಲಿ ಪ್ರವಾಸದ ಗದ್ದಲ ಶುರುವಾಗುತ್ತದೆ. ನಸುಕಿಗೆ ಎದ್ದು ತಣ್ಣೀರು ಹುಯ್ಕೊಂಡು, ಚಿತ್ರಾನ್ನದ ಪೊಟ್ಟಣ ಕಟ್ಟಿಕೊಂಡು ಬಸ್ಸು ಹತ್ತಿದರೆ ಮೈಸೂರು. ಬೆಳಿಗ್ಗೆ ಬೆಟ್ಟ, ಆಮೇಲೆ ಝೂ, ಮಧ್ಯಾಹ್ನ ಅರಮನೆ, ಸಂಜೆಗೆ ಕನ್ನಂಬಾಡಿ ಕಾರಂಜಿ. ಸರಿರಾತ್ರಿಗೆ ವಾಪಸ್ಸು. ಮಾರನೇ ದಿನ ಮೇಷ್ಟ್ರು ಪ್ರಬಂಧ ಬರೆಸುತ್ತಾರೆ: ‘ನಾನು ಕಂಡ ಮೈಸೂರು ಅರಮನೆ’.

ಅಂಥ ಪ್ರಬಂಧಗಳ ಒಂದು ಕಟ್ಟನ್ನು ನಾವು ಓದಿ ನೋಡಿದೆವು. ಬರೆದವರೆಲ್ಲ ನಮ್ಮ ಕೇರಿಗಳಿಂದ ಬಂದ ಮಕ್ಕಳೇ. ಎಲ್ಲದರಲ್ಲೂ ಬಂಗಾರದ ಅಂಬಾರಿ ಇದೆ, ಬೆಳ್ಳಿ ಬಾಗಿಲಿದೆ, ನವಿಲಿನ ಬಣ್ಣದ ಗಾಜಿದೆ, ಲಕ್ಷ ದೀಪ ಇದೆ. ‘ಅದು ಸುವರ್ಣಯುಗವಾಗಿತ್ತು’ ಎಂಬ ಸಾಲೂ ಇದೆ. ಈ ಕಲ್ಲು ಹೊತ್ತವರು ಯಾರು, ಈ ದುಡ್ಡು ಯಾರ ಬೆವರಿನದು, ಆ ಸುವರ್ಣಯುಗದಲ್ಲಿ ನಮ್ಮ ಮುತ್ತಜ್ಜ ಈ ಅಂಗಳದ ಯಾವ ಮೂಲೆಯಲ್ಲಿ ನಿಂತಿದ್ದ ಅಂತ ಮಾತ್ರ ಒಬ್ಬರೂ ಕೇಳಿಲ್ಲ. ಮಕ್ಕಳನ್ನು ನಾವು ದೂರುತ್ತಿಲ್ಲ. ಗೈಡು ಹೇಳಿದ್ದನ್ನು ಬರೆದರು, ಫಲಕದಲ್ಲಿದ್ದದ್ದನ್ನು ನಕಲು ಮಾಡಿಕೊಂಡರು. ಫಲಕದಲ್ಲಿ ಇಲ್ಲದ್ದನ್ನು ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಕ್ಕೇ ಈ ಬರಹ. ಅರಮನೆಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೋಗಿ. ಹಿಂಡು ಹಿಂಡಾಗಿ ಹೋಗಿ. ನೋಡುವ ಹಕ್ಕು ನಿಮಗೆ ಸುಮ್ಮನೆ ಬಂದದ್ದಲ್ಲ ಎಂಬುದು ಗೊತ್ತಿದ್ದು ಹೋಗಿ.

ಒಂದು ಪ್ರವಾಸದ ಕಥೆ ಕೇಳಿ. 1934ನೇ ಇಸವಿ. ಬಾಬಾಸಾಹೇಬ ಅಂಬೇಡ್ಕರರು ಚಳವಳಿಯ ಸುಮಾರು ಮೂವತ್ತು ಜನ ಗೆಳೆಯರ ಜೊತೆ ವೆರೂಳಿನ ಬೌದ್ಧ ಗುಹೆಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ದೌಲತಾಬಾದಿನ ಕೋಟೆ. ಯಾದವ ಅರಸರ ದೇವಗಿರಿ ಅಂದರೆ ಅದೇ. ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯಿಂದ ರಾಜಧಾನಿ ಎತ್ತಿಕೊಂಡು ಬಂದದ್ದೂ ಅಲ್ಲಿಗೇ. ಆಗ ಅದು ಹೈದರಾಬಾದು ನಿಜಾಮನ ಸೀಮೆ. ಬಿಸಿಲು, ದೂಳು, ದಣಿವು. ಕೋಟೆ ಬಾಗಿಲ ಬಳಿ ನೀರು ತುಂಬಿದ ಒಂದು ಸಣ್ಣ ಕೊಳ. ಕೆಲವರು ಮುಖ ಕೈಕಾಲು ತೊಳೆದುಕೊಂಡು ಕೋಟೆ ಬಾಗಿಲಿಗೆ ಬಂದರು. ಅಷ್ಟರಲ್ಲಿ ಬಿಳಿ ಗಡ್ಡದ ಮುದುಕನೊಬ್ಬ ಕೂಗಿಕೊಂಡು ಓಡಿಬಂದ. ಮುಟ್ಟಬಾರದವರು ಕೊಳ ಮೈಲಿಗೆ ಮಾಡಿದರು ಎಂಬುದು ಅವನ ಕೂಗು. ಜನ ಸೇರಿದರು, ಬೈಗುಳ ಸುರಿಯಿತು. ಅಂಬೇಡ್ಕರರು ಎದುರು ನಿಂತು ವಾದ ಮಾಡಿದರು. ಕೊನೆಗೆ ಒಳಗೆ ಬಿಟ್ಟರು, ಆದರೆ ಒಂದು ಷರತ್ತಿನ ಮೇಲೆ: ಕೋಟೆಯೊಳಗೆ ಎಲ್ಲೂ ನೀರು ಮುಟ್ಟಕೂಡದು. ಮುಟ್ಟದ ಹಾಗೆ ನೋಡಿಕೊಳ್ಳಲು ಜೊತೆಗೊಬ್ಬ ಹತಾರದ ಸಿಪಾಯಿ.

ಯೋಚನೆ ಮಾಡಿ. ಅಷ್ಟೊತ್ತಿಗೆ ಅಂಬೇಡ್ಕರರು ಅಮೆರಿಕಾದಲ್ಲಿ, ಇಂಗ್ಲೆಂಡಿನಲ್ಲಿ ಓದಿ ಡಾಕ್ಟರೇಟು ತಂದವರು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದವರು. ಅಂಥವರು ಹಾಳುಬಿದ್ದ ಒಂದು ಕೋಟೆ ನೋಡಬೇಕಾದರೆ ಕೈದಿಯ ಹಾಗೆ ಕಾವಲಿನಲ್ಲಿ ನೋಡಬೇಕಾಯಿತು. ಆ ಸಲ ಅಡ್ಡ ನಿಂತವರು ಮೇಲ್ಜಾತಿ ಹಿಂದೂಗಳಲ್ಲ, ಆ ಊರಿನ ಮುಸಲ್ಮಾನರು. ಮೈಲಿಗೆಯ ರೋಗ ಒಂದೇ ಧರ್ಮದ ಗಡಿಯೊಳಗೆ ನಿಲ್ಲುವುದಿಲ್ಲ ಎಂಬುದನ್ನು ತೋರಿಸಲೆಂದೇ ‘ವೀಸಾಗಾಗಿ ಕಾಯುತ್ತಾ’ ಎಂಬ ತಮ್ಮ ನೆನಪಿನ ಬರಹದಲ್ಲಿ ಅವರು ಇದನ್ನು ಬರೆದಿಟ್ಟರು. ಇವತ್ತು ನೀವು ಟಿಕೆಟ್ ಹರಿಸಿಕೊಂಡು ಅರಮನೆಯೊಳಗೆ ನುಗ್ಗುವಾಗ ನಿಮ್ಮ ಬೆನ್ನಿಗೆ ಅಂಥ ಸಿಪಾಯಿ ಇಲ್ಲ. ಅವನನ್ನು ಅಲ್ಲಿಂದ ಎಬ್ಬಿಸಿದ್ದು ಮಹಾಡಿನ ಕೆರೆಯಿಂದ ಸಂವಿಧಾನದ 17ನೇ ವಿಧಿಯವರೆಗೆ ನಡೆದ ಹೋರಾಟ.

ಈಗ ಮೈಸೂರಿಗೆ ಬರೋಣ.

ನೀವು ನೋಡುವ ಅರಮನೆ ಪುರಾತನ ಕಾಲದ್ದೇನಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದಲ್ಲಿದ್ದಾಗ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದೇ ವರ್ಷ ಹೊಸದರ ಕೆಲಸ ಶುರು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹುಡುಗ, ಆಡಳಿತ ತಾಯಿ ವಾಣಿವಿಲಾಸ ಸನ್ನಿಧಾನದವರ ಕೈಲಿತ್ತು. ನಕ್ಷೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯದು. 1912ಕ್ಕೆ ಮುಗಿಯಿತು. ಖರ್ಚು 41,47,913 ರೂಪಾಯಿ. ಕಲ್ಯಾಣಮಂಟಪದ ಕಬ್ಬಿಣದ ಕಂಬ ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದು. ಕೊನೆಯ ಮೂರು ರೂಪಾಯಿಯ ಲೆಕ್ಕ ಸಹ ಉಳಿದಿದೆ ನೋಡಿ. ಇರ್ವಿನ್ ಹೆಸರು ಉಳಿದಿದೆ. ಹದಿನೈದು ವರ್ಷ ಕಲ್ಲು ಒಡೆದವನ, ಗಾರೆ ಕಲಸಿದವಳ, ಸಾರವೆ ಹತ್ತಿದವನ ಹೆಸರು? ಹುಡುಕಿ. ಸಿಕ್ಕರೆ ನಮಗೂ ಬರೆದು ತಿಳಿಸಿ.

ಆ ಬೆಂಕಿಗೆ ಇಪ್ಪತ್ತು ವರ್ಷ ಹಿಂದೆ ಈ ಸೀಮೆಯಲ್ಲಿ ಇನ್ನೊಂದು ಬೆಂಕಿ ಹತ್ತಿತ್ತು. ಅದು ಹೊಟ್ಟೆಯ ಬೆಂಕಿ. 1876ರಿಂದ 78ರವರೆಗಿನ ಧಾತು ಈಶ್ವರ ಬರ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ಸಂಸ್ಥಾನ ಅರಸರ ಕೈಗೆ ವಾಪಸ್ಸು ಬಂದದ್ದು 1881ರಲ್ಲಿ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಮೈಸೂರು ಸೀಮೆಯ ಜನಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಕುಸಿದುಹೋಯಿತು. ಬರ ಎಲ್ಲರಿಗೂ ಬರುತ್ತದೆ, ಆದರೆ ಕಣಜ ಇದ್ದವನ ಮನೆಗೆ ಕಡೆಗೆ ಬರುತ್ತದೆ. ನೆಲ ಇಲ್ಲದವನ ಗುಡಿಸಲಿಗೆ ಮೊದಲ ದಿನವೇ ಬರುತ್ತದೆ. ಆ ಬರದಲ್ಲಿ ಉಳಿದವರ ಮಕ್ಕಳೇ ದೊಡ್ಡವರಾಗಿ ಕಂದಾಯ ಕಟ್ಟಿದ್ದು, ಬಿಟ್ಟಿ ಚಾಕರಿ ಮಾಡಿದ್ದು. 41 ಲಕ್ಷ ಎಂಬುದು ಯಾವ ಕಾಲದಲ್ಲಿ ಎಷ್ಟು ದೊಡ್ಡ ಮೊತ್ತ ಎಂದು ಅಳೆಯಬೇಕಾದರೆ ಈ ಬರವನ್ನು ಪಕ್ಕದಲ್ಲಿಟ್ಟುಕೊಂಡೇ ಅಳೆಯಬೇಕು.

ದೀಪಗಳ ಮಾತಿಗೆ ಬರೋಣ. ಭಾನುವಾರ, ಹಬ್ಬದ ದಿನ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನ ‘ಆಹಾ’ ಅನ್ನುತ್ತಾರೆ. ನಾವೂ ಅಂದಿದ್ದೇವೆ, ಚೆಂದ ಇರುವುದನ್ನು ಚೆಂದ ಅನ್ನಲು ನಾಚಿಕೆ ಏಕೆ? ಆದರೆ ಈ ಸೀಮೆಗೆ ಕರೆಂಟು ಬಂದ ಕಥೆ ಗೊತ್ತಾ? 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದರು. ಆ ವಿದ್ಯುತ್ತು ಮೊದಲು ಹೋದದ್ದು ಅರಮನೆಗೂ ಅಲ್ಲ, ರೈತನ ಗದ್ದೆಗೂ ಅಲ್ಲ. ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ಬಂತು. ಗಣಿ ಇಂಗ್ಲಿಷ್ ಕಂಪನಿಯದು. ಚಿನ್ನದ ರಾಯಧನ ಸಂಸ್ಥಾನದ ಬೊಕ್ಕಸಕ್ಕೆ. ಸಾವಿರಾರು ಅಡಿ ಕೆಳಗಿಳಿದು ಕಲ್ಲು ಕೊರೆದವರು ಯಾರು? ಹೆಚ್ಚಿನವರು ಆರ್ಕಾಟು ಸೀಮೆಯಿಂದ ಬಂದ ದಲಿತರು. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಲ್ಲಾದವರು ಅವರು. 2001ರಲ್ಲಿ ಗಣಿ ಮುಚ್ಚಿತು. ಆ ಕಾಲೋನಿಗಳ ಮಕ್ಕಳು ಕೆಲಸಕ್ಕಾಗಿ ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯುವ ಹಾಗಾಯಿತು. ಅರಮನೆಯ ಬಲ್ಬುಗಳನ್ನು ನೋಡುವಾಗ ಆ ತಂತಿಯ ಇನ್ನೊಂದು ತುದಿಯೂ ಕಣ್ಣ ಮುಂದೆ ಇರಲಿ.

ಇನ್ನು ಅಂಬಾರಿ. ತೂಕ 750 ಕಿಲೋ ಅಂತ ಗೈಡು ಹೇಳುತ್ತಾನೆ, ನೀವೂ ಬರೆದುಕೊಳ್ಳುತ್ತೀರಿ. ಅದನ್ನು ಹೊರುವುದು ಆನೆ. ಆ ಆನೆಯ ಮಾತು ಬಲ್ಲವನು ಯಾರು? ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಜೇನುಕುರುಬರು, ಬೆಟ್ಟಕುರುಬರು, ಕಾಡಿನ ಜನ. ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಯುವಾಗ ವೈಸರಾಯರು ಮಂಚಿಕೆ ಮೇಲೆ ಕೂತು ನೋಡುತ್ತಿದ್ದರು. ಜೀವ ಕೈಲಿ ಹಿಡಿದು ಆನೆ ಹಿಂಡನ್ನು ಅಟ್ಟಿದವರು ಈ ಜನ. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಆಮೇಲೆ ಕಬಿನಿ ಜಲಾಶಯದಲ್ಲಿ ಆ ಕಾಡು ಮುಳುಗಿತು. ನಾಗರಹೊಳೆ ಅಭಯಾರಣ್ಯದ ಹೆಸರಿನಲ್ಲಿ ಎಷ್ಟೋ ಹಾಡಿಗಳು ಎತ್ತಂಗಡಿಯಾದವು. ಈಗಲೂ ದಸರಾ ಬಂದರೆ ಮಾವುತರ ಸಂಸಾರಗಳು ವಾರಗಟ್ಟಲೆ ಅರಮನೆಯ ಆವರಣದಲ್ಲೇ ತಾತ್ಕಾಲಿಕ ಶೆಡ್ಡುಗಳಲ್ಲಿ ಇರುತ್ತವೆ. ಆ ಮಕ್ಕಳಿಗೆ ಅಲ್ಲೇ ಒಂದು ಟೆಂಟು ಶಾಲೆ. ಒಂದು ಕಡೆ ದರ್ಬಾರು ಹಾಲು, ಇನ್ನೊಂದು ಕಡೆ ಟೆಂಟು ಶಾಲೆ. ದಸರಾ ಕಾಲದಲ್ಲಿ ಹೋದರೆ ಆ ಟೆಂಟಿನ ಕಡೆಗೂ ಒಂದು ಹೆಜ್ಜೆ ಹಾಕಿ. ಅಲ್ಲಿ ಸ್ಲೇಟು ಹಿಡಿದು ಕೂತ ತಮ್ಮ ತಂಗಿಯರನ್ನು ಮಾತಾಡಿಸಿ. ಇಡೀ ಅರಮನೆಯಲ್ಲಿ ಜೀವಂತ ಇರುವ ಚರಿತ್ರೆ ಅದೊಂದೇ.

ಇಷ್ಟು ಹೇಳಿದರೆ ಸಾಕು, ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: ‘ಅಲ್ಲಾ ಕಣ್ರಯ್ಯಾ, ನಾಲ್ವಡಿಯವರು ನಿಮಗೆ ಮೀಸಲಾತಿ ಕೊಟ್ಟರು, ಸ್ಕೂಲು ಕೊಟ್ಟರು. ಉಂಡ ಮನೆಗೆ ಎರಡು ಬಗೆಯಬಹುದಾ?’

ಇದಕ್ಕೆ ಸಿಟ್ಟಾಗದೆ ಉತ್ತರ ಹೇಳುವುದನ್ನು ಕಲಿಯಬೇಕು. ನಾಲ್ವಡಿಯವರ ಕಾಲದಲ್ಲಿ ಆದ ಒಳ್ಳೆಯದನ್ನು ನಾವು ಮುಚ್ಚಿಡುವುದಿಲ್ಲ. ಪಂಚಮರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಬೇಕು ಎಂಬ ಆದೇಶ ಅವರ ಆಡಳಿತದಲ್ಲೇ ಬಂತು, ಮೇಲ್ಜಾತಿಯವರು ಗುಲ್ಲೆಬ್ಬಿಸಿದರೂ ಬಂತು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಅದು ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪದೆ ಕೆಲಸ ಬಿಟ್ಟರು. ಅರಸರು ಹಿಂದೆ ಸರಿಯಲಿಲ್ಲ. ಇದು ದೊಡ್ಡ ಮಾತೇ. ಸಾಲದ್ದಕ್ಕೆ ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲೇ ಅರ್ಧ ಹುದ್ದೆ ಮೀಸಲಿಟ್ಟವರು. ಅರಸರಲ್ಲಿ ಅಂಥವರೂ ಇದ್ದರು.

ಆದರೆ ಕೇಳದೆ ಯಾವ ಅರಸನೂ ಕೊಟ್ಟಿಲ್ಲ. ಮೈಸೂರಿನಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು, ನಿಯೋಗ ಹೋಗಿ, ಅರ್ಜಿ ಕೊಟ್ಟು ಕೇಳಿದ ಮೇಲೇ ಮಿಲ್ಲರ್ ಸಮಿತಿ ಬಂದದ್ದು. ಕೇಳಿದವರಲ್ಲೂ ಭೂಮಿ ಇದ್ದ, ಅಕ್ಷರ ಇದ್ದ ಜಾತಿಗಳೇ ಮುಂದಿದ್ದವು, ಮೊದಲ ಪಾಲು ಅವರದೇ ಆಯಿತು. ನಮ್ಮ ಕೇರಿಗೆ ಅದರ ತುಣುಕು ಮುಟ್ಟಲು ಇನ್ನೊಂದು ತಲೆಮಾರು ಕಾಯಬೇಕಾಯಿತು.

ಅರಸ ಕೊಟ್ಟರೂ ಊರು ಕೊಡುವುದಿಲ್ಲ ಎಂಬುದಕ್ಕೆ ಬರೋಡಾ ಸಾಕ್ಷಿ. ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರರಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಾಕ್ಕೆ ಕಳಿಸಿದರು. ಋಣ ತೀರಿಸಲು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಮಾಚಿ ಇದ್ದರೆ ದೊಣ್ಣೆ ಹಿಡಿದು ಬಂದು ಓಡಿಸಿದರು. ಬರೋಡಾದಲ್ಲಿ ಲಕ್ಷ್ಮೀವಿಲಾಸ ಎಂಬ ಭಾರೀ ಅರಮನೆ ಇದೆ, ಅಲ್ಲೂ ಪ್ರವಾಸಿಗಳು ಸಾಲುಗಟ್ಟುತ್ತಾರೆ. ಅಷ್ಟು ಕೋಣೆಗಳಿದ್ದ ಊರಿನಲ್ಲಿ ಅಷ್ಟು ಓದಿದ ಮನುಷ್ಯನಿಗೆ ಮಲಗಲು ಜಾಗ ಇರಲಿಲ್ಲ. ಅದಕ್ಕೇ ನಾವು ಅನ್ನುವುದು: ಅರಸನ ದಯೆಯನ್ನು ನೆನೆಯಿರಿ, ಬೇಡ ಅನ್ನುವುದಿಲ್ಲ. ದಯೆ ಅರಸನ ಜೊತೆಗೇ ಸತ್ತುಹೋಗುತ್ತದೆ, ಕಾನೂನು ಉಳಿಯುತ್ತದೆ. ನಿಮ್ಮ ಹಾಸ್ಟೆಲಿನ ಊಟ, ಸ್ಕಾಲರ್‌ಶಿಪ್ಪು ನಿಂತಿರುವುದು ಕಾನೂನಿನ ಮೇಲೆ.

ಈ ಅರಮನೆಯ ಬಾಗಿಲು ಸಾರ್ವಜನಿಕರಿಗೆ ತೆರೆದದ್ದರ ಹಿಂದೆಯೂ ಕಾನೂನಿದೆ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಸಲ್ಲುತ್ತಿತ್ತು. 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿ ತಂದು ಅದನ್ನೂ, ಮಹಾರಾಜ ಎಂಬ ಸರ್ಕಾರಿ ಮನ್ನಣೆಯನ್ನೂ ನಿಲ್ಲಿಸಿದರು. 1998ರಲ್ಲಿ ಅರಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ನಮ್ಮ ಶಾಸನಸಭೆ ಕಾಯ್ದೆ ಮಾಡಿತು. ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹ ಬರುತ್ತದೆ. 2024ರಲ್ಲಿ ಅದೇ ಮನೆತನದ ಕುಡಿ ಪಾರ್ಲಿಮೆಂಟಿಗೆ ಹೋದದ್ದು ಚುನಾವಣೆಗೆ ನಿಂತು, ಕೈಮುಗಿದು ಓಟು ಕೇಳಿ. ನಮ್ಮ ಹೊಲಗೇರಿ ಮಾದಿಗರ ಕೇರಿಗಳ ಓಟೂ ಅದರಲ್ಲಿ ಎಣಿಕೆಗೆ ಬಂತು. ನಮ್ಮ ಅವ್ವನ ಓಟಿಗೂ ಅರಮನೆಯವರ ಓಟಿಗೂ ಒಂದೇ ತೂಕ. ಈ ಮಾತನ್ನು ಯಾವ ಗೈಡೂ ಹೇಳುವುದಿಲ್ಲ. ನಮ್ಮ ಪ್ರಕಾರ ಅರಮನೆಯಲ್ಲಿ ನಿಂತು ಹೇಳಬೇಕಾದ ಮೊದಲ ಮಾತೇ ಇದು.

ಹಾಗಾದರೆ ಎಲ್ಲಾ ಸರಿಹೋಯಿತಾ? ಅರಮನೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು, ಗೌಡರ ಮಗನೂ ಬಿಡಬೇಕು, ನೀನೂ ಬಿಡಬೇಕು. ಟಿಕೆಟ್ ಕೊಡುವವನು ಜಾತಿ ಕೇಳುವುದಿಲ್ಲ. ಅದೇ ಹುಡುಗ ಸಂಜೆ ಬಸ್ಸು ಇಳಿದು ಊರಿಗೆ ಹೋದರೆ? ಮೈಸೂರಿನ ಪಕ್ಕದ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯಲ್ಲಿ ನೀರು ಕುಡಿದಳು ಅಂತ ನೀರನ್ನೆಲ್ಲ ಖಾಲಿ ಮಾಡಿ ಗಂಜಳ ಹಾಕಿ ತೊಳೆದರು. ಅದೇ ವರ್ಷ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ದೌಲತಾಬಾದಿನ ಕೊಳಕ್ಕೂ ಹೆಗ್ಗೊಠಾರದ ತೊಂಬೆಗೂ ನಡುವೆ 88 ವರ್ಷ ಕಳೆದಿವೆ. ಅರಮನೆ ಮ್ಯೂಸಿಯಂ ಆಯಿತು. ಮೈಲಿಗೆ ಇನ್ನೂ ಮ್ಯೂಸಿಯಂ ಸೇರಿಲ್ಲ, ಬೀದಿಯಲ್ಲೇ ಓಡಾಡಿಕೊಂಡಿದೆ.

ಆದ್ದರಿಂದ ಮುಂದಿನ ಸಲ ಪ್ರವಾಸ ಹೋಗುವ ಹಾಸ್ಟೆಲಿನವರಿಗೆ ನಾವು ಕೆಲವು ಕೆಲಸ ಹೇಳುತ್ತೇವೆ.

ಒಂದು: ಹೋಗುವ ಮುಂಚೆ ಊರಿನ ಹಿರಿಯರನ್ನು ಕೇಳಿ. ದಸರಾಕ್ಕೆ ನಮ್ಮವರು ಏನು ಕೆಲಸಕ್ಕೆ ಹೋಗುತ್ತಿದ್ದರು? ತಮಟೆಗೆ ಹೋದರಾ, ಸೌದೆಗೆ ಹೋದರಾ, ಬಿಟ್ಟಿಗೆ ಹೋದರಾ? ಅಜ್ಜ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಅವರು ಹೋದರೆ ಆ ಚರಿತ್ರೆ ಹೋಯಿತು.

ಎರಡು: ನೋಟ್ ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ಗೈಡು ಹೇಳಿದ್ದು. ಬಲಕ್ಕೆ ಗೈಡು ಹೇಳದೆ ಬಿಟ್ಟದ್ದು. ಬಲಗಡೆಯ ಕಾಲಂ ಉದ್ದವಾದಷ್ಟೂ ನೀವು ಚೆನ್ನಾಗಿ ನೋಡಿದ್ದೀರಿ ಅಂತ ಅರ್ಥ.

ಮೂರು: ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳ ಸಾಲಿದೆ. ಎಲ್ಲರೂ ಅರಸರ ಮುಖ ಹುಡುಕುತ್ತಾರೆ. ನೀವು ಅಂಚಿನಲ್ಲಿ ನಿಂತವರನ್ನು ನೋಡಿ. ಹೊತ್ತವರು, ಹಿಡಿದವರು, ಬಾರಿಸಿದವರು, ದೂರದಲ್ಲಿ ನಿಂತು ನೋಡಿದವರು. ಯಾರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲೇ ಒಂದು ಪಾಠ ಇದೆ.

ನಾಲ್ಕು: ವಾಪಸ್ಸು ಬಂದು ಸುಮ್ಮನಿರಬೇಡಿ. ಅರಮನೆ ಮಂಡಳಿಗೆ ಕಾಗದ ಬರೆಯಿರಿ. ಕಟ್ಟಿದ ಕೂಲಿಗಳ, ಕಲ್ಲುಕುಟಿಗರ, ಮಾವುತರ ವಿಷಯಕ್ಕೂ ಒಂದು ಕೋಣೆ ಬೇಕು, ಒಂದು ಫಲಕವಾದರೂ ಬೇಕು ಅಂತ ಕೇಳಿ. ಐವತ್ತು ಹಾಸ್ಟೆಲಿನಿಂದ ಐವತ್ತು ಕಾಗದ ಹೋದರೆ ಮೇಜಿನ ಮೇಲೆ ಇಡಲೇಬೇಕಾಗುತ್ತದೆ. ಕಾಗದದ ನಕಲನ್ನು ಹಾಸ್ಟೆಲಿನ ಗೋಡೆ ಪತ್ರಿಕೆಗೆ ಅಂಟಿಸಿ.

ಕೊನೆಗೊಂದು ಮಾತು. ಹಾಸ್ಟೆಲಿನವರು ಎಂದಾದರೂ ಬೊಂಬಾಯಿಗೆ ಹೋದರೆ ದಾದರಿನಲ್ಲಿ ಇನ್ನೊಂದು ಅರಮನೆ ಇದೆ. 1930ರ ದಶಕದಲ್ಲಿ ಬಾಬಾಸಾಹೇಬರು ಕಟ್ಟಿಸಿದ್ದು. ಹೆಸರು ‘ರಾಜಗೃಹ’. ಅಲ್ಲಿ ಅಂಬಾರಿ ಇಲ್ಲ, ಸಿಂಹಾಸನ ಇಲ್ಲ. ಒಬ್ಬ ಮನುಷ್ಯ ತನ್ನ ಸಾವಿರಾರು ಪುಸ್ತಕಗಳಿಗೆ ಜಾಗ ಬೇಕು ಅಂತ ಕಟ್ಟಿಸಿದ ಮನೆ ಅದು. ನೆಲಮಹಡಿಯಲ್ಲಿ ಅವರು ಬಳಸಿದ ಸಾಮಾನುಗಳನ್ನು ಜನ ನೋಡಲು ಇಟ್ಟಿದ್ದಾರೆ. 2020ರ ಜುಲೈನಲ್ಲಿ ಆ ಮನೆಯ ಮೇಲೂ ಕಲ್ಲು ಬಿತ್ತು, ಹೂಕುಂಡ ಒಡೆದರು. ಮೈಸೂರಿನ ಅರಮನೆಗೆ ಸಾವಿರಾರು ಪೊಲೀಸರಿಲ್ಲದೆ ದಸರಾ ಆಗುವುದಿಲ್ಲ. ನಮ್ಮ ರಾಜಗೃಹಕ್ಕೆ ನಾವೇ ಕಾವಲು.

ಎರಡನ್ನೂ ನೋಡಿ ಬನ್ನಿ. ಬರೆದದ್ದನ್ನು ಮುಂದಿನ ಸಭೆಗೆ ತನ್ನಿ. ಬಲಗಡೆಯ ಕಾಲಂ ಚೆನ್ನಾಗಿದ್ದರೆ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.